ಒಂದು ದಿನದ ಮುಯ್ಯಿ

ಚಲಪತಿ ಮ್ಯಾನೇಜರಾದ ಮೂರನೆಯ ವಾರ ಒಂದು ರಜಾ ಅರ್ಜಿಯನ್ನು ಓದದೆ ಸಹಿ ಮಾಡಿದ. ತೊಂದರೆ ಶುರುವಾದದ್ದು ಅಲ್ಲಿಂದ.

ಒಂಬತ್ತು ವರ್ಷ ಅವನು ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರೋಗ್ರಾಂ ಬರೆದಿದ್ದ. ಆಗ ಅವನ ಸಹಿ ಯಾರಿಗೂ ಬೇಕಿರಲಿಲ್ಲ. ಮ್ಯಾನೇಜರಾಗಿ, ಗಾಜಿನ ಬಾಗಿಲಿನ ರೂಮು ಸಿಕ್ಕಿದ್ದೇ ತಡ, ಎಲ್ಲರೂ ಮುಂದೆ ಕಾಗದ ಹಿಡಿಯತೊಡಗಿದರು. ಅವನೂ ಹೊಸ ಪೆನ್ನು ಕೊಂಡು, ಮದುವೆಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸುವವರ ಹಾಗೆ ಬಂದವರಿಗೆಲ್ಲ ಸಹಿ ಚಿಮುಕಿಸಿದ. ಶುಕ್ರವಾರ ಸಂಜೆ, ಆಫೀಸಿನಲ್ಲಿ ಎಲ್ಲರೂ ರತ್ನ ಎಂದು ಕರೆಯುವ ವೆಂಕಟರತ್ನಮ್ಮ ಒಂದು ಕಾಗದ ಹಿಡಿದಳು. ಅದಕ್ಕೂ ಬಿತ್ತು.

ಶನಿವಾರ ಒಂದು ಆಸ್ಪತ್ರೆಗಾಗಿ ಬರೆದ ಪ್ರೋಗ್ರಾಮನ್ನು ಕೊನೆಯ ಸಲ ಓಡಿಸಿ ನೋಡಿದರು. ಅದು ಗಂಡಸು ರೋಗಿಗಳನ್ನೆಲ್ಲ ಒಬ್ಬರನ್ನೂ ಬಿಡದೆ ಹೆರಿಗೆ ವಾರ್ಡಿಗೆ ಕಳಿಸಿತು.

"ಈ ಭಾಗ ಬರೆದೋರು ಯಾರು?" ಎಂದ ಚಲಪತಿ.

"ರತ್ನ ಸಾರ್."

"ಕರೀರಿ."

"ಅವಳು ರಜ ಸಾರ್. ನೀವೇ ಕೊಟ್ಟಿದೀರಲ್ಲ."

ಉಳಿದವರು ಅವಳ ಫೈಲು ತೆರೆದು ನೋಡಿ ಮುಚ್ಚಿದರು. ಬೇರೆಯವರ ಅಡುಗೆಮನೆಯ ಡಬ್ಬಿಗಳಂತಿತ್ತು ಅದು. ಯಾವುದರಲ್ಲಿ ಉಪ್ಪು, ಯಾವುದರಲ್ಲಿ ಸೋಡ, ಇಟ್ಟವಳಿಗೇ ಗೊತ್ತು. ಚಲಪತಿಯೇ ಕೂತು ನೋಡಬಹುದಿತ್ತು. ಆದರೆ ಬಡ್ತಿ ಕೊಟ್ಟ ದಿನ ಎಂ.ಡಿ. ಸಾಹೇಬರು ಬುದ್ಧಿ ಹೇಳಿದ್ದರು: "ಇನ್ಮೇಲೆ ನೀವು ಕೀಬೋರ್ಡ್ ಮುಟ್ಟಬೇಡಿ. ಕೆಲಸ ತೆಗೀಬೇಕು, ಮಾಡಬಾರದು." ಈಗ ಅದೇ ಸಾಹೇಬರು ಫೋನಿನಲ್ಲಿ, "ಸೋಮವಾರ ಹನ್ನೊಂದಕ್ಕೆ ಆಸ್ಪತ್ರೆಯೋರು ಬರ್ತಾರೆ. ನಡೀಲಿಲ್ಲ ಅಂದ್ರೆ ಆ ರೂಮು ಖಾಲಿ ಮಾಡಿ," ಎಂದು ಇಟ್ಟುಬಿಟ್ಟರು.

ಅವನ ಹೆಂಡತಿ ಆಗಲೇ ಬೀದಿಯ ಎಲ್ಲ ಮನೆಗೂ ಮೈಸೂರುಪಾಕು ಹಂಚಿಯಾಗಿತ್ತು. ಹಂಚಿದ ಮೈಸೂರುಪಾಕನ್ನು ವಾಪಸು ಕೇಳುವ ಪದ್ಧತಿ ಇಲ್ಲ.

ಚಲಪತಿ ರಜಾ ಅರ್ಜಿಯನ್ನು ಆಗ ಓದಿದ. 'ನಮ್ಮ ಮನೆಯ ರೇಷ್ಮೆಹುಳು ಹಣ್ಣಾಗುವ ಕಾಲವಾದ್ದರಿಂದ ಮಂಗಳವಾರದವರೆಗೆ ರಜೆ ಕೋರುತ್ತೇನೆ.' ಕೆಳಗೆ ವಿಳಾಸ: ಕೆಂಚಾರ್ಲಹಳ್ಳಿ, ಚಿಂತಾಮಣಿ ತಾಲ್ಲೂಕು. ಫೋನ್ ನಂಬರು ಬರೆಯುವ ಜಾಗದಲ್ಲಿ ಒಂದು ಗೆರೆ.

ಭಾನುವಾರ ಮೊದಲ ಬಸ್ಸು ಹತ್ತಿ, ಚಿಂತಾಮಣಿಯಲ್ಲಿ ಬಸ್ಸು ಬದಲಾಯಿಸಿ, ಒಂಬತ್ತೂವರೆಗೆಲ್ಲ ಅವನು ಕೆಂಚಾರ್ಲಹಳ್ಳಿಯಲ್ಲಿದ್ದ. ಇಸ್ತ್ರಿ ಮಾಡಿದ ಅಂಗಿ, ಪೌಡರು, ಅಂಗಿಯ ಮೇಲೆ ಎರಡು ಹನಿ ಸೆಂಟು. ಮ್ಯಾನೇಜರು ಉದ್ಯೋಗಿಯ ಮನೆಗೆ ಹೋಗುವಾಗ ಹೇಗಿರಬೇಕೋ ಹಾಗೆ.

ಹುಳುಮನೆಯ ಬಾಗಿಲಲ್ಲೇ ಒಬ್ಬ ದಪ್ಪ ಹೆಂಗಸು ಅಡ್ಡಗೈ ಹಾಕಿ ನಿಲ್ಲಿಸಿದಳು. ಪಕ್ಕದ ಮನೆಯ ಕೊಂಡಮ್ಮ.

"ಎವರಯ್ಯಾ ನುವ್ವು? ಯಾರು ಬೇಕಾಗಿತ್ತು?"

"ರತ್ನ ಅವರ ಆಫೀಸಿಂದ ಬಂದಿದೀನಿ. ನಾನು ಅವರ ಮ್ಯಾನೇಜರ್."

ಕೊಂಡಮ್ಮ ಮೂಗು ಮುಂದೆ ಮಾಡಿ ಒಮ್ಮೆ ಮೂಸಿದಳು. "ಗಂಗುಲಕ್ಕಾ, ಯಾರೋ ಮದ್ಲಿಂಗ ಬಂದವ್ನೆ ನೋಡು. ಸೆಂಟು ಹಾಕ್ಕೊಂಡವ್ನೆ. ಒಳಕ್ಕೆ ಬಿಟ್ರೆ ಹುಳ ಒಂದೂ ಉಳಿಯಲ್ಲ."

ರತ್ನಳ ತಾಯಿ ಗಂಗುಲಮ್ಮ ಹೊರಗೆ ಬಂದಳು. ಐವತ್ತರ ಹೆಂಗಸು, ಮಾತು ಕಡಿಮೆ. ವಿಷಯ ಕೇಳಿದಳು. ಆಸ್ಪತ್ರೆಯ ಗಂಡಸರ ಗತಿ ಕೇಳಿ ಕೊಂಡಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಗಂಗುಲಮ್ಮ ನಗಲಿಲ್ಲ.

"ಇವತ್ತು ಹುಳ ಹಣ್ಣಾಗ್ತಾ ಐತೆ ಸ್ವಾಮಿ. ಹಣ್ಣಾದ ಹುಳ ಆಗಿಂದಾಗ್ಲೇ ಆರಿಸಿ, ಗೂಡು ಕಟ್ಟೋಕೆ ಬಿದಿರಿನ ಚಂದ್ರಿಕೆಗೆ ಬಿಡ್ಬೇಕು. ಒಂದು ಕೈ ಹೋದ್ರೂ ನಂಗಾಗಲ್ಲ."

"ಅಮ್ಮಾ, ನಾಳೆ ಒಂದೇ ದಿನ ಸಾಕು. ನನ್ನ ಕೆಲಸದ ಪ್ರಶ್ನೆ."

ಗಂಗುಲಮ್ಮ ಅವನ ಮುಖ ನೋಡಿದಳು. "ಹಂಗಾದ್ರೆ ಮುಯ್ಯಿ ಮಾಡಿ. ಇಲ್ಲಿ ಇರೋರೆಲ್ಲ ಹಂಗೇ ಬಂದಿರೋದು. ಇವತ್ತು ನೀವು ನಮ್ಮನೇಲಿ ದುಡೀರಿ, ನಾಳೆ ನಮ್ಮನೆಯೋರು ಒಬ್ರು ಬಂದು ನಿಮಗೆ ದುಡೀತಾರೆ. ಸಾಯಂಕಾಲ ಐದರ ಬಸ್ಸಿಗೆ ಕಳಿಸ್ತೀನಿ."

ಎರಡು ದಿನದ ಮ್ಯಾನೇಜ್‌ಮೆಂಟ್ ತರಬೇತಿಯಲ್ಲಿ ಕಲಿತ ಯಾವ ಮಾತುಕತೆಯೂ ಇಷ್ಟು ಬೇಗ ಮುಗಿದಿರಲಿಲ್ಲ. ಚಲಪತಿ ಒಪ್ಪಿದ.

ಮೊದಲು ಅವನನ್ನು ತೊಟ್ಟಿಯ ಬಳಿ ನಿಲ್ಲಿಸಿ ತೊಳೆದರು. ಕೊಂಡಮ್ಮ ಚೊಂಬಿನಿಂದ ನೀರು ಸುರಿದಳು, ಪಾತ್ರೆ ತೊಳೆಯುವಷ್ಟೇ ಮುತುವರ್ಜಿಯಿಂದ. ಸೆಂಟಿನ ಅಂಗಿ ಬೇಲಿಯ ಮೇಲೆ ಹೋಯಿತು. ಗಂಗುಲಮ್ಮ ಒಳಗಿನ ಟ್ರಂಕಿನಿಂದ ಬೇರೊಂದು ಅಂಗಿ ತಂದಳು. ಬೇವಿನೆಲೆಯ ವಾಸನೆ, ಭುಜಕ್ಕೆ ಎರಡು ಬೆರಳು ದೊಡ್ಡದು.

"ಒಗೆದಿದ್ದೇ. ಮೂರು ವರ್ಷದಿಂದ ಯಾರೂ ಹಾಕ್ಕೊಂಡಿಲ್ಲ," ಎಂದಳು.

ಅವನು ಒಳಗೆ ಹೋದಾಗ ಹುಳುಮನೆಯಲ್ಲಿದ್ದ ಹನ್ನೆರಡು ಮಂದಿಯ ಕೈಗಳೂ ಒಂದು ಗಳಿಗೆ ನಿಂತವು. ರತ್ನ ಮೊದಲು ಅಂಗಿ ನೋಡಿದಳು, ಆಮೇಲೆ ಮುಖ ನೋಡಿದಳು.

"ಸಾರ್?" ಎಂದಳು.

"ಮುಯ್ಯಾಳು," ಎಂದ ಚಲಪತಿ.

ಅವಳಿಗೆ ಕಲಿಸುವುದು ಚೆನ್ನಾಗಿ ಬರುತ್ತಿತ್ತು. "ಹಣ್ಣಾದ ಹುಳ ಸೊಪ್ಪು ಮುಟ್ಟಲ್ಲ ಸಾರ್. ತಲೆ ಎತ್ತಿ ಏನೋ ಕಳಕೊಂಡೋರ ತರ ಹುಡುಕ್ತಿರುತ್ತೆ. ಬೆಳಕಿಗೆ ಹಿಡಿದ್ರೆ ಮೈ ದ್ರಾಕ್ಷಿ ಹಣ್ಣಿನ ಹಂಗೆ ಕಾಣ್ಬೇಕು. ಹಸಿರಾಗಿ ಕಂಡ್ರೆ ಅದು ಇನ್ನೂ ಕಾಯಿ, ಸೊಪ್ಪು ತಿನ್ಬೇಕು, ತಟ್ಟೇಲೇ ಬಿಡಿ." ಅವನು ಐದು ಆರಿಸಿದರೆ ಮೂರು ಕಾಯಿ. ಅವಳು ಬೇಸರಪಡದೆ ಮತ್ತೆ ತೋರಿಸಿದಳು. ಆಫೀಸಿನಲ್ಲಿ ತಾನು ಅವಳಿಗೆ ಇಷ್ಟು ಸಮಾಧಾನದಿಂದ ಏನನ್ನಾದರೂ ಹೇಳಿದ್ದುಂಟೇ ಎಂದು ಚಲಪತಿ ಯೋಚಿಸಿದ. ನೆನಪಾಗಲಿಲ್ಲ.

ಬಾಗಿಲ ಬಳಿ ಸ್ಟೂಲಿನ ಮೇಲೆ ರತ್ನಳ ದೊಡ್ಡಪ್ಪ ಬಯ್ಯಪ್ಪ ಕೂತಿದ್ದ. ಹುಳು ಮುಟ್ಟಿದರೆ ಅವನ ಕೈಗೆ ನವೆ ಬರುತ್ತದೆಂದು ಇಪ್ಪತ್ತು ವರ್ಷದ ಹಿಂದೆಯೇ ಮನೆಯಲ್ಲಿ ತೀರ್ಮಾನವಾಗಿತ್ತು. ಆದ್ದರಿಂದ ಅವನು ಬಾಯಿಂದಲೇ ದುಡಿಯುತ್ತಿದ್ದ.

"ಹಂಗಲ್ಲಪ್ಪ, ಎರಡು ಬೆರಳಲ್ಲಿ ಹಿಡಿ. ಅಷ್ಟು ಗಟ್ಟಿಯಾಗಲ್ಲ. ಅಷ್ಟು ಸಡಿಲವಾಗೂ ಅಲ್ಲ. ಎಷ್ಟು ಸಂಬಳ ನಿಂಗೆ?"

"ಬಯ್ಯಪ್ಪಣ್ಣ, ನೀನೊಂದು ಹುಳ ಆರಿಸಿ ತೋರ್ಸಪ್ಪ, ಆಯಪ್ಪ ನೋಡಿ ಕಲ್ತ್ಕೊಳ್ಲಿ," ಎಂದಳು ಕೊಂಡಮ್ಮ.

"ನಾನು ಆರಿಸಿದ್ರೆ ನಿಮ್ಮನ್ನ ನೋಡ್ಕೊಳೋರು ಯಾರಮ್ಮ?"

ಮಧ್ಯಾಹ್ನ ಮುದ್ದೆ, ಹುರುಳಿಸಾರು. ಎದ್ದು ಕೈ ತೊಳೆದು ಚಲಪತಿ ಗಡಿಯಾರ ನೋಡಿದ. ಎರಡು ಗಂಟೆ. ಮೂರರಲ್ಲೊಂದು ಪಾಲು ತಟ್ಟೆಯೂ ಮುಗಿದಿರಲಿಲ್ಲ. ಹೀಗಾದರೆ ಐದರ ಬಸ್ಸಿಗೆ ರತ್ನ ಹೇಗೆ ಏಳುತ್ತಾಳೆ? ಗಂಗುಲಮ್ಮ ತೋಟದಿಂದ ಹಿಪ್ಪುನೇರಳೆ ಸೊಪ್ಪು ತರಲು ಹೋಗಿದ್ದಳು. ಅವನೊಳಗೆ ಬೆಳಗಿನಿಂದ ಮುದುರಿ ಕೂತಿದ್ದ ಮ್ಯಾನೇಜರು ಮೆಲ್ಲಗೆ ಎದ್ದು ನಿಂತ.

"ನೋಡಿ, ಹೀಗೆ ಮಾಡಣ," ಎಂದು ಅವನು ಚಪ್ಪಾಳೆ ತಟ್ಟಿದ. "ಈ ಕಡೆ ಆರು ಜನ, ಆ ಕಡೆ ಆರು ಜನ. ನಾಲ್ಕು ಗಂಟೆಯೊಳಗೆ ಯಾವ ಕಡೆಯೋರು ಜಾಸ್ತಿ ಚಂದ್ರಿಕೆ ತುಂಬಿಸ್ತಾರೋ ಅವರಿಗೆ ನನ್ನ ಕಡೆಯಿಂದ ಒಂದು ಕೇಜಿ ಜಿಲೇಬಿ."

"ಬೇಡ ಸಾರ್," ಎಂದಳು ರತ್ನ. "ಇದು ಹಂಗೆ ಮಾಡೋ ಕೆಲಸ ಅಲ್ಲ."

"ನೀನು ನೋಡ್ತಿರಮ್ಮ."

ಆದರೆ ಜಿಲೇಬಿಯ ಹೆಸರು ಹುಳುಮನೆಯಲ್ಲಿ ಆಗಲೇ ಒಂದು ಸುತ್ತು ಹಾಕಿಬಂದಿತ್ತು. ಕೊಂಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬಯ್ಯಪ್ಪ ಸ್ಟೂಲನ್ನು ಎರಡು ಕಡೆಗೂ ಕಾಣುವ ಹಾಗೆ ನಡುವೆ ಎಳೆದುಕೊಂಡು ತಾನೇ ಅಂಪೈರಾದ. "ಆ ಕಡೆ ಏಳು. ಈ ಕಡೆ ಆರು. ಏನಮ್ಮ, ನಿದ್ದೆ ಮಾಡ್ತಿದೀರ?" ಕೈಗಳು ಮದುವೆಯ ಕೊನೇ ಪಂಕ್ತಿ ಬಡಿಸುವವರ ಕೈಗಳಂತೆ ಓಡಿದವು. ಒಂದೊಂದಾಗಿ ಆರಿಸುತ್ತಿದ್ದವರು ಹಿಡಿಹಿಡಿ ಎತ್ತತೊಡಗಿದರು. ಬೆಳಕಿಗೆ ಹಿಡಿದು ನೋಡುವ ಕೆಲಸವನ್ನು ಎರಡೂ ಕಡೆಯವರು ಒಟ್ಟಿಗೇ ಬಿಟ್ಟರು. ರತ್ನ ಒಬ್ಬಳೇ ತನ್ನ ತಟ್ಟೆಯ ಮುಂದೆ ಮೊದಲಿನ ಹಾಗೇ ನಿಂತಿದ್ದಳು, ಅವಳ ಕಡೆಯವರು ಅವಳಿಗೆ ಬೈಯುತ್ತಿದ್ದರು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗಲೇ ತಟ್ಟೆಗಳೆಲ್ಲ ಖಾಲಿ. ಚಂದ್ರಿಕೆಗಳು ಗೋಡೆಗೆ ಸಾಲಾಗಿ ಒರಗಿದ್ದವು. ಚಲಪತಿ ಅವುಗಳ ಮುಂದೆ, ಮಗುವಿಗೆ ಮೊದಲ ರ‍್ಯಾಂಕು ಬಂದ ತಂದೆಯ ಹಾಗೆ ನಿಂತ. ಇದನ್ನು ಎಂ.ಡಿ. ಸಾಹೇಬರು ನೋಡಬೇಕಿತ್ತು ಅನ್ನಿಸಿತು.

ನೋಡಿದವಳು ಗಂಗುಲಮ್ಮ. ಸೊಪ್ಪಿನ ಹೊರೆ ಹೊತ್ತು ಬಂದವಳು ಬಾಗಿಲಲ್ಲೇ ನಿಂತಳು.

"ಈ ಸೊಪ್ಪು ಈಗ ಯಾರಿಗೆ ಹಾಕ್ಲಿ?"

ಅವಳು ಹೊರೆ ಇಳಿಸಿ, ಒಂದು ಚಂದ್ರಿಕೆಯಿಂದ ಒಂದು ಹುಳು ಎತ್ತಿ ಬೆಳಕಿಗೆ ಹಿಡಿದಳು. ಹಸಿರು. ಇನ್ನೊಂದು. ಅದೂ ಹಸಿರು. ಅಷ್ಟರಲ್ಲಿ ಹಸಿದ ಹುಳುಗಳು ಸೊಪ್ಪಿನ ವಾಸನೆಗೆ ಚಂದ್ರಿಕೆಯ ತುಂಬ ಅಲೆದಾಡತೊಡಗಿದ್ದವು. ಕೆಲವು ಕೆಳಗೆ ಬಿದ್ದವು. ಒಂದು ಕೊಂಡಮ್ಮನ ಬೆನ್ನು ಹತ್ತಿತ್ತು.

"ಅರ್ಧಕ್ಕರ್ಧ ಕಾಯಿ," ಎಂದಳು ಗಂಗುಲಮ್ಮ.

"ನಮ್ಮನ್ನೇನು ನೋಡ್ತೀಯಕ್ಕ? ಆಯಪ್ಪ ಜಿಲೇಬಿ ಅಂದ, ನಾವೇನ್ ಮಾಡಣ?" ಎಂದಳು ಕೊಂಡಮ್ಮ.

"ನಾನು ಆವಾಗ್ಲೇ ಅಂದ್ಕೊಂಡೆ," ಎಂದ ಬಯ್ಯಪ್ಪ.

ಚಲಪತಿ ಕೆಳಗೆ ಬಿದ್ದ ಹುಳುಗಳನ್ನು ನೋಡಿದ. ಇಪ್ಪತ್ತೆಂಟು ದಿನ ಈ ಮನೆಯವರು ನಿದ್ದೆಗೆಟ್ಟು ಸಾಕಿದ ಹುಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು. ಅವಳು ಖಾಲಿ ತಟ್ಟೆಯೊಂದನ್ನು ಎಳೆದು ಸೊಪ್ಪು ಹರಡಿದಳು. "ಆಯ್ತು, ಕಾಯಿಗಳ್ನ ಇಳಿಸಣ. ಮೆತ್ತಗೆ. ನಿಂಗೆ ಬಸ್ಸಿಗೆ ಹೊತ್ತಾಗುತ್ತೆ, ನೀನು ಕೈ ತೊಳ್ಕೋಗಪ್ಪ."

ಬೆಳಗಿನ 'ಸ್ವಾಮಿ' ಅವಳ ಬಾಯಲ್ಲಿ ಯಾವಾಗ 'ಅಪ್ಪ' ಆದನೋ ಅವನಿಗೆ ತಿಳಿಯಲಿಲ್ಲ.

"ನಾನೂ ಇಳಿಸ್ತೀನಮ್ಮ," ಎಂದು ಅವನು ಅವಳ ಪಕ್ಕ ಮಂಡಿಯೂರಿದ. ಒಂದೊಂದನ್ನೇ ಎತ್ತಿದ, ಬೆಳಕಿಗೆ ಹಿಡಿದ, ಇಳಿಸಿದ. ಈಗ ಅವನ ಕಣ್ಣು ತಪ್ಪುತ್ತಿರಲಿಲ್ಲ. ತನ್ನ ಕೈಯಿಂದ ಒಂದು ಕೆಲಸ ಸರಿಯಾಗಿ ಆಗುತ್ತಿರುವುದನ್ನು ಅವನು ಮೂರು ವಾರದ ಮೇಲೆ ನೋಡುತ್ತಿದ್ದ.

ಗಂಗುಲಮ್ಮ ತಟ್ಟೆಯಿಂದ ಕಣ್ಣೆತ್ತದೆ ಹೇಳಿದಳು: "ಈ ಅಂಗಿಯೋರೂ ಹಿಂಗೇ ಮಾಡಿದ್ರು. ಮದುವೆಯಾದ ಮೊದಲ್ನೇ ಬೆಳೆ. ನಾನು ತವರಿಗೆ ಹೋಗಿ ಬರೋದ್ರೊಳಗೆ ಎಲ್ಲ ಆರಿಸಿ ಮುಗಿಸಿದೀನಿ ನೋಡು ಅಂತ ನಿಂತಿದ್ರು, ಈಗ ನೀನು ನಿಂತಿದ್ದಂಗೇ. ಎಂಟು ದಿನ ಮಾತಾಡ್ಸಲಿಲ್ಲ ನಾನು." ಒಂದು ಹುಳು ಇಳಿಸಿದಳು. "ನಗಬೇಕಾಗಿತ್ತು. ಈಗ ಅನ್ಸುತ್ತೆ."

ಅವಳ ಭುಜ ಸಣ್ಣಗೆ ಅಲುಗಿತು. ಅಳುತ್ತಿದ್ದಾಳೆಂದು ಚಲಪತಿ ಹೆದರಿದ. ನಗುತ್ತಿದ್ದಳು. ಆಚೆಯಿಂದ ರತ್ನ ತಾಯಿಯನ್ನೇ ನೋಡುತ್ತ ಕೈಯಲ್ಲಿದ್ದ ಹುಳುವನ್ನು ಮರೆತಿದ್ದಳು.

ಐದಕ್ಕೆ ಕಾಲು ಗಂಟೆ ಇತ್ತು. ಚಲಪತಿಗೆ ಕೇಳಲು ಮುಖವಿರಲಿಲ್ಲ, ಕೇಳದೆ ವಿಧಿಯಿರಲಿಲ್ಲ. "ಅಮ್ಮಾ, ನಾಳೆ..."

"ಮಾತು ಕೊಟ್ಟಿದೀನಲ್ಲ. ನೀನು ದುಡಿದಿದ್ದು ಸುಳ್ಳಾ? ಮುಯ್ಯಿ ತಪ್ಪಿಸಿದ್ರೆ ನಾಳೆ ಈ ಊರಲ್ಲಿ ನಮ್ಮನೆಗೆ ಯಾರು ಬರ್ತಾರೆ? ನೀನು ಹೋಗಿ ರಸ್ತೇಲಿ ನಿಂತಿರು. ಹಿಂದೇನೇ ಕಳಿಸ್ತೀನಿ."

ಅವನು ಅಂಗಿ ಬದಲಾಯಿಸಿ ರಸ್ತೆಗೆ ಬಂದ. ಮನಸ್ಸು ಹಗುರವಾಗಿತ್ತು. ರತ್ನ ಬಂದರೆ ಒಂದು ಗಂಟೆಯ ಕೆಲಸ. ಹನ್ನೊಂದಕ್ಕೆ ಆಸ್ಪತ್ರೆಯವರು ಬರುವ ಹೊತ್ತಿಗೆ ಗಂಡಸರೆಲ್ಲ ಗಂಡಸರ ವಾರ್ಡಿನಲ್ಲಿರುತ್ತಾರೆ, ಅವನು ಗಾಜಿನ ರೂಮಿನಲ್ಲಿರುತ್ತಾನೆ. ದೂರದಲ್ಲಿ ಬಸ್ಸಿನ ಧೂಳು ಕಂಡಿತು. ಬಸ್ಸು ಬಂದು ನಿಂತಿತು.

"ಒಂದ್ನಿಮಿಷ ಕಂಡಕ್ಟರೇ, ಇನ್ನೊಬ್ರು ಬರ್ತಾರೆ."

ಓಣಿಯ ತಿರುವಿನಲ್ಲಿ ಇನ್ನೊಬ್ಬರು ಕಂಡರು. ಸ್ನಾನ ಮಾಡಿ ವಿಭೂತಿ ಹಚ್ಚಿ, ಟ್ರಂಕಿನ ಮಡಿಕೆ ಬಿಚ್ಚದ ಪಂಚೆ, ಬಿಸಿಲಲ್ಲೂ ಗುಂಡಿ ಹಾಕಿದ ಕೋಟು, ಬಗಲಲ್ಲಿ ಬುತ್ತಿಯ ಗಂಟು. ಬಯ್ಯಪ್ಪ.

ಅವನ ಹಿಂದೆ ರತ್ನ ಓಡಿಬರುತ್ತಿದ್ದಳು. ಅವಳ ಕೈಯಲ್ಲಿ ದೊಡ್ಡಪ್ಪನ ಚಪ್ಪಲಿಯಿತ್ತು, ತನ್ನ ಚೀಲವಿರಲಿಲ್ಲ.

"ಸಾರ್, ಆ ಇಳಿಸಿದ ಹುಳ ಎಲ್ಲ ನಾಳೆ ಮತ್ತೆ ಆರಿಸ್ಬೇಕು. ಮುಯ್ಯಿಗೆ ಬಂದೋರೆಲ್ಲ ನಾಳೆ ಅವರವರ ಮನೇಲಿ. ಅಮ್ಮನ ಜೊತೆ ಆರಿಸೋಳು ನಾನೊಬ್ಬಳೇ," ಎಂದಳು ಏದುಸಿರಿನಲ್ಲಿ. ಆಮೇಲೆ ದನಿ ತಗ್ಗಿಸಿ, "ಮುಯ್ಯಿಗೆ ದೊಡ್ಡಪ್ಪನ್ನ ಕಳಿಸ್ತಾ ಇದಾರೆ. ಬೇಡ ಅನ್ಬೇಡಿ ಸಾರ್, ಅಮ್ಮ ನೊಂದ್ಕೊತಾರೆ."

"ರತ್ನ, ಆ ಹೆರಿಗೆ ವಾರ್ಡು..."

"ನೋಡದೆ ಹೆಂಗೆ ಹೇಳ್ಲಿ ಸಾರ್? ನೀವೇ ಕೂತ್ಕೊಂಡು ನೋಡಿ. ನಮಗೆಲ್ಲ ಹೇಳಿಕೊಟ್ಟೋರು ನೀವೇ ಅಲ್ವ?"

ಕಂಡಕ್ಟರ್ ಸೀಟಿ ಊದಿದ.

ಬಯ್ಯಪ್ಪನಿಗೆ ಕಿಟಕಿಯ ಪಕ್ಕ ಜಾಗ ಕೊಡಬೇಕಾಯಿತು. ಮೊದಲ ಮೈಲಿಯಲ್ಲಿ ಅವನು ಡ್ರೈವರನಿಗೆ ಗೇರು ಬದಲಾಯಿಸುವ ಬಗ್ಗೆ ಎರಡು ಮಾತು ಹೇಳಿದ. ಎರಡನೆಯ ಮೈಲಿಯಲ್ಲಿ ಕಂಡಕ್ಟರನಿಗೆ ಟಿಕೆಟು ಹರಿಯುವುದನ್ನು ತೋರಿಸಿಕೊಟ್ಟ. ಆಮೇಲೆ ಸುಮ್ಮನಾದ. ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಒಮ್ಮೆ ಬಿಚ್ಚಿ, ಮತ್ತೆ ಕಟ್ಟಿದ. ಚಿಂತಾಮಣಿ ಹತ್ತಿರವಾಯಿತು.

"ಚಲಪತಪ್ಪ," ಎಂದ ಕೊನೆಗೆ. "ನಾಳೆ ಅಲ್ಲಿ ನಂದೇನು ಕೆಲಸ?"

ಚಲಪತಿ ಅವನ ಕೋಟನ್ನು ನೋಡಿದ, ಕೈಯ ಗಂಟನ್ನು ನೋಡಿದ. ನಾಳೆ ಪ್ರೋಗ್ರಾಂ ನೋಡಬೇಕಾದವನು ತಾನೇ. ಹಳೆಯ ಜಾಗದಲ್ಲಿ, ಎಲ್ಲರ ನಡುವೆ, ಎಂ.ಡಿ. ಸಾಹೇಬರು ರೂಮು ಖಾಲಿ ಮಾಡಿಸುವ ಮೊದಲೇ.

"ನನಗೊಂದು ರೂಮಿದೆ, ಗಾಜಿನ ಬಾಗಿಲಿಂದು," ಎಂದ. "ಅದರಲ್ಲಿ ಒಂದು ತಿರುಗೋ ಕುರ್ಚಿ. ನೀವು ಅದರ ಮೇಲೆ ಕೂತು, ಹೊರಗೆ ನಾವು ಕೆಲಸ ಮಾಡೋದನ್ನ ನೋಡ್ತಿರಬೇಕು. ಆಗಾಗ ಎದ್ದು ಬಂದು, ಎಲ್ಲೀಗಂಟ ಬಂತು ಅಂತ ಕೇಳ್ಬೇಕು."

"ಅಷ್ಟೇನಾ?"

"ಅಷ್ಟೇ."

ಬಯ್ಯಪ್ಪ ಕೋಟಿನ ಗುಂಡಿ ಬಿಚ್ಚಿ ಹಿಂದಕ್ಕೆ ಒರಗಿದ. ಗಂಟಿನಿಂದ ಒಂದು ಹಿಡಿ ಬೇಯಿಸಿದ ಕಡ್ಲೆಕಾಯಿ ತೆಗೆದು ಚಲಪತಿಯ ಅಂಗೈಗೆ ಸುರಿದ.

"ಎಲ್ಲಿ ನಂಗೆ ಬರದಿರೋ ಕೆಲಸ ಹೇಳ್ತೀಯೋ ಅಂತ ಊರಿಂದ ಹೆದರ್ಕೊಂಡೇ ಬಂದೆ ಕಣಪ್ಪ."