ಶಿರಸ್ತೇದಾರ ಮಾವನ ಶಾಂತಿಸೂತ್ರ

ಅಮೆರಿಕ ಮತ್ತು ರಷ್ಯ ಇನ್ನೂ ಒಂದರ ಮೇಲೊಂದು ಬಾಂಬು ಹಾಕದೆ ಸುಮ್ಮನಿರುವುದು ಯಾಕೆಂದು ಇಡೀ ಮೈಸೂರಿನಲ್ಲಿ ಗೊತ್ತಿದ್ದದ್ದು ಒಬ್ಬರಿಗೇ, ನನ್ನ ಸೋದರಮಾವನಿಗೆ! ಶಿರಸ್ತೇದಾರಿಕೆಯಿಂದ ನಿವೃತ್ತರಾಗಿ ಜಯಲಕ್ಷ್ಮಿಪುರಂನಲ್ಲಿ ಮನೆ ಕಟ್ಟಿಸಿಕೊಂಡಿದ್ದ ಅವರಿಗೆ ದರ್ಬಾರು ನಡೆಸಲು ಉಳಿದಿದ್ದವರು ಅತ್ತೆ ಮತ್ತು ಕಾಲೇಜಿಗೆಂದು ಬಂದು ಅವರ ಮನೆಯಲ್ಲೇ ಇದ್ದ ನಾನು. ಬೆಳಿಗ್ಗೆ ಪತ್ರಿಕೆ ಮಡಿಸಿಟ್ಟರೆಂದರೆ ಪಾಠ ಶುರು.

"ಬಾಂಬು ಇಟ್ಕೊಳ್ಳೋದು ಹಾಕೋಕಲ್ಲ ಕಣೋ, ತೋರಿಸೋಕೆ. ಇವನ ಭಯ ಅವನಿಗೆ, ಅವನ ಭಯ ಇವನಿಗೆ. ಅದನ್ನೇ ಶಾಂತಿ ಅನ್ನೋದು."

"ಇಬ್ಬರೂ ಇಟ್ಕೊಳ್ಳದೇ ಇದ್ರೆ, ಮಾವ?"

"ನಿನಗೆ ಇದೆಲ್ಲ ಅರ್ಥ ಆಗಲ್ಲ ಬುಡು."

ಬರೀ ಮಾತಾಗಿದ್ದರೆ ಹೇಗೋ ಸಹಿಸಬಹುದಿತ್ತು. ಪಕ್ಕದ ಮನೆಯಲ್ಲಿ ಒಬ್ಬರು ನಿವೃತ್ತ ಓವರ್‌ಸಿಯರರಿದ್ದರು. ನಡುವೆ ಸೊಂಟದೆತ್ತರದ ಗೋಡೆ. ಅತ್ತೆಯೂ ಓವರ್‌ಸಿಯರರ ಹೆಂಡತಿಯೂ ಅದರ ಮೇಲಿನಿಂದಲೇ ಮೊಸರಿನ ಹೆಪ್ಪು ಕೊಟ್ಟು ತೆಗೆದುಕೊಳ್ಳುತ್ತಿದ್ದರು. ಒಂದು ಮನೆಯ ಮೊಸರು ಹುಳಿಯಾದರೆ ಇನ್ನೊಂದು ಮನೆಯಿಂದ ಒಂದು ಚಮಚ. ಮಕ್ಕಳಿಲ್ಲದ ಅತ್ತೆಗೆ ಆ ಚಮಚದ ಜೊತೆ ಸಿಗುತ್ತಿದ್ದ ಮಾತುಕತೆಯೇ ದಿನದ ಸುಖವೆಲ್ಲ.

ಒಂದು ದಿನ ಓವರ್‌ಸಿಯರರು ಹೀರೇಬಳ್ಳಿ ಹಬ್ಬಿಸಲೆಂದು ಗೋಡೆಯನ್ನು ಎದೆಯೆತ್ತರಕ್ಕೆ ಏರಿಸಿದರು. ಮಾವ ಕಾಫಿ ಕೆಳಗಿಟ್ಟರು. "ಬಳ್ಳಿ ಅನ್ನೋದು ನೆಪ ಕಣೋ. ಇಷ್ಟು ದಿನ ಇಲ್ಲದ ಮರೆ ಈಗ ಯಾಕೆ?" ವಾರದೊಳಗೆ ಗಾರೆಯವನು ಬಂದು ಗೋಡೆಯ ಉದ್ದಕ್ಕೂ ಸೋಡಾ ಬಾಟಲಿಯ ಚೂರು ನೆಟ್ಟು ಹೋದ. ಯಾರ ವಿರುದ್ಧ? ಹೀರೇಕಾಯಿಯ ವಿರುದ್ಧವೇ ಇರಬೇಕು! ಆ ಮನೆಯ ಕಡೆ ಹೋಗಕೂಡದೆಂದು ಅತ್ತೆಗೂ ಅಪ್ಪಣೆಯಾಯಿತು; ಹೆಪ್ಪಿನ ಚಮಚವೂ ನಿಂತಿತು.

ಓವರ್‌ಸಿಯರರೇನು ಕಡಿಮೆ ಬುದ್ಧಿವಂತರೇ? ಶಿರಸ್ತೇದಾರರಂಥವರು ಗಾಜು ನೆಟ್ಟಿದ್ದಾರೆಂದರೆ ಬಡಾವಣೆಗೆ ಕಳ್ಳರು ಬಂದಿರಲೇಬೇಕೆಂದು ಹೆದರಿ ನಾಯಿ ತಂದರು. ಆ ನಾಯಿ ತಮ್ಮನ್ನು ಕಚ್ಚಲೆಂದೇ ಬಂದಿದೆಯೆಂದು ಮಾವನಿಗೆ ಖಾತ್ರಿಯಾಯಿತು. ಅದಕ್ಕಿಂತ ದೊಡ್ಡ ನಾಯಿ ತಂದು ಗೋಡೆಯ ಬುಡದಲ್ಲೇ ಕಟ್ಟಿದರು. ಎರಡೂ ಹಗಲೆಲ್ಲ ಒಂದಕ್ಕೊಂದು ಬೊಗಳುತ್ತಿದ್ದವು. "ಈಗ ನೋಡು, ಎಷ್ಟು ನೆಮ್ಮದಿ" ಎಂದು ಮಾವ ಕಿವಿಗೆ ಹತ್ತಿ ಇಟ್ಟುಕೊಂಡು ಹೇಳುತ್ತಿದ್ದರು.

ನಿಜವಾದ ಕಳ್ಳ ಬಂದದ್ದು ಆಮೇಲೆ. ರಕ್ಷಣೆಯೆಲ್ಲ ನಡುಗೋಡೆಗೆ ಮುಖಮಾಡಿ ನಿಂತಿದ್ದರಿಂದ ಪಾಪ, ಅವನು ಬೀದಿಯ ಗೇಟು ತೆಗೆದುಕೊಂಡೇ ಒಳಗೆ ಬಂದು ಬಚ್ಚಲಿನ ತಾಮ್ರದ ಹಂಡೆ ಹೊತ್ತುಕೊಂಡು ಹೋದ. ಆಗಲಾದರೂ ಬುದ್ಧಿ ಬಂತೇ? "ಗೋಡೆ ಕಡೆಯಿಂದ ಬರೋ ಧೈರ್ಯ ಆಗಲಿಲ್ಲ ನೋಡು!" ಎಂದು ಮಾವ ಬೀಗಿದರು. ಮರುದಿನದಿಂದ ತಣ್ಣೀರು ಸ್ನಾನ.

ಆ ವಾರವೇ ಒಂದು ಬೆಳಿಗ್ಗೆ ಹಿತ್ತಲಿನಿಂದ ನನ್ನನ್ನು ಕೂಗಿ ಕರೆದರು. ಗಾಜಿನ ಮೇಲೆ ರಕ್ತ! ರಾತ್ರಿಯೇ ಬಿದ್ದು ಒಣಗಿತ್ತು.

"ನೋಡಿದ್ಯಾ? ಬಂದಿದ್ದಾನೆ, ಏಟು ತಿಂದು ಓಡಿದ್ದಾನೆ. ನಾನು ಹೇಳ್ತಿದ್ದದ್ದು ಇದನ್ನೇ ಕಣೋ."

ಊಟಕ್ಕೆ ಕುಳಿತಾಗಲೂ ಅದೇ ಮಾತು. ನಾಳೆ ಓವರ್‌ಸಿಯರರಿಗೂ ರಕ್ತ ತೋರಿಸಬೇಕಂತೆ. ಅತ್ತೆ ಅನ್ನದ ಮೇಲೆ ಮೊಸರು ಬಡಿಸಿದರು. ಹುಳಿಯಿಲ್ಲದ, ಗಟ್ಟಿಯಾದ ಮೊಸರು, ಎಷ್ಟೋ ದಿನಗಳ ಮೇಲೆ. ಬಡಿಸುತ್ತಿದ್ದ ಕೈಗೆ ಮೊಣಕೈವರೆಗೂ ಹಳೆಯ ಸೀರೆಯ ಬಟ್ಟೆ ಸುತ್ತಿತ್ತು.

ಮಾವನ ಕೈ ತಟ್ಟೆಯಲ್ಲೇ ನಿಂತಿತು. "ಏನೇ ಇದು?"

"ಹೆಪ್ಪು ಬೇಕಾಗಿತ್ತು. ಒಗೆಯೋ ಕಲ್ಲಿನ ಮೇಲೆ ಹತ್ತಿ ಕೈ ಚಾಚಿದೆ" ಎಂದರು ಅತ್ತೆ. "ನೀವು ಊಟ ಮಾಡಿ."

ಮಾವ ಊಟ ಮಾಡಲಿಲ್ಲ. ಸುತ್ತಿಗೆ ಹಿಡಿದು ಹಿತ್ತಲಿಗೆ ಹೋದರು. ಅದುವರೆಗೆ ಅವರನ್ನು ಕಂಡರೆ ನಗುವುದೇ ಕೆಲಸವಾಗಿದ್ದ ನನಗೆ ಆವತ್ತು ನಗು ಬರಲಿಲ್ಲ. ಕನ್ನಡಕ ಮಂಜಾಗಿ ಕಾಣದೆ ಅವರು ಗಾಜು ಬಿಟ್ಟು ತಮ್ಮ ಬೆರಳಿಗೇ ಹೊಡೆದುಕೊಳ್ಳುತ್ತಿದ್ದರು. ಸದ್ದು ಕೇಳಿ ಆಚೆಯಿಂದ ಓವರ್‌ಸಿಯರರ ತಲೆ ಕಾಣಿಸಿತು.

"ಏನ್ ಮಾಡ್ತಿದ್ದೀರಿ, ಶಿರಸ್ತೇದಾರರೇ?"

"ನಮ್ಮೋಳ ಕೈ ಕುಯ್ದುಹೋಯ್ತು, ಸ್ವಾಮಿ" ಎಂದರು ಮಾವ.

ಓವರ್‌ಸಿಯರರು ಒಳಗೆ ಹೋದರು. ಮರಳಿ ಬಂದಾಗ ಅವರ ಕೈಯಲ್ಲೂ ಒಂದು ಸುತ್ತಿಗೆಯಿತ್ತು.