ಲಸಿಕೆ ಪಟ್ಟಿಯ ಮೂವತ್ತಾರು ಫೋನುಗಳು

ಮನೆಯಲ್ಲಿ ಒಬ್ಬನೇ ಇರುವವನಿಗೆ ಎರಡು ಸಂಗತಿ ತಪ್ಪುವುದಿಲ್ಲ. ಒಂದು, ಬೇರೆ ಯಾರಿಗೂ ಬೇಡವಾದ ಕೆಲಸ. ಇನ್ನೊಂದು, ಆ ಕೆಲಸದಲ್ಲಿ ಆಗುವ ಫಜೀತಿ. ನಾನು ತುಮಕೂರಿನಲ್ಲಿ ಎಂ.ಎ. ಹುಡುಗರಿಗೆ ಅರ್ಥಶಾಸ್ತ್ರ ಹೇಳಿಕೊಡುವವನು. ಮದುವೆ ಆಗಲಿಲ್ಲ. ಅಮ್ಮ ಹೋದ ಮೇಲೆ ಶೆಟ್ಟಿಹಳ್ಳಿಯ ಬಾಡಿಗೆ ಮನೆಯಲ್ಲಿ ನಾನು ಮತ್ತು ಒಂದು ಕುಕ್ಕರು, ಅಷ್ಟೇ. ಚುನಾವಣೆ ಡ್ಯೂಟಿ, ಪರೀಕ್ಷೆಯ ಬಂಡಲು, ಭಾನುವಾರದ ಮೀಟಿಂಗು, ಎಲ್ಲವೂ "ನಿಮ್ಗೇನ್ ಸಾರ್, ಮನೇಲಿ ಕಾಯೋರಿಲ್ಲ" ಎನ್ನುವ ಮಾತಿನ ಜೊತೆ ನನ್ನ ಮೇಜಿಗೆ ಬಂದು ಕೂರುತ್ತವೆ.

ಕೊರೊನಾ ಕಾಲದಲ್ಲೂ ಬಂದು ಕೂತಿತು. ಕಾಲೇಜು ಮುಚ್ಚಿತ್ತು, ಹುಡುಗರೆಲ್ಲ ಊರು ಸೇರಿದ್ದರು. ಲಸಿಕೆಗೆ ಯಾರು ಒಪ್ಪುತ್ತಾರೆ, ಯಾರು ಒಪ್ಪುವುದಿಲ್ಲ, ಒಪ್ಪದಿದ್ದರೆ ಕಾರಣವೇನು ಎಂದು ಮೂವತ್ತಾರು ಜನಕ್ಕೂ ಫೋನ್ ಮಾಡಿ ಪಟ್ಟಿ ತುಂಬಿ ಎಂದರು ನಮ್ಮ ವಿಭಾಗದ ಮುಖ್ಯಸ್ಥರು. ನಾನು ಹೂಂ ಎಂದೆ. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು. ಹಿಂದಿನ ನಾಲ್ಕು ದಿನದಲ್ಲಿ ನಾನು ಬಾಯಿಬಿಟ್ಟು ಮಾತಾಡಿದ್ದು ಹಾಲಿನವನ ಜೊತೆ ಮಾತ್ರ, ಅದೂ "ಅರ್ಧ ಲೀಟರ್" ಎಂದು.

ಒಂದು ವಿಷಯ ಮಾತ್ರ ಮುಖ್ಯಸ್ಥರಿಗೆ ಹೇಳಲಿಲ್ಲ. ನಾನೇ ಇನ್ನೂ ಲಸಿಕೆ ಹಾಕಿಸಿಕೊಂಡಿರಲಿಲ್ಲ. ಸೂಜಿಗೆ ಹೆದರಿ ಅಲ್ಲ. ಹಾಕಿಸಿಕೊಂಡ ಮೇಲೆ ಜ್ವರ ಬರುತ್ತದೆ ಎನ್ನುತ್ತಿದ್ದರು. ಜ್ವರದಲ್ಲಿ ಮಲಗಿದರೆ ಒಂದು ಲೋಟ ನೀರು ಕೊಡುವವರು ಯಾರು, ಮೇಲಕ್ಕೆ ಏಳದಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಭಯ ನನಗಿತ್ತು.

ಕಾರಣದ ಕಾಲಂ

ಮೊದಲ ಫೋನು ಕಡಬದ ಹುಡುಗನಿಗೆ. ಸಿಗ್ನಲ್ ಸಿಗಲೆಂದು ಕೆರೆ ಏರಿ ಮೇಲೆ ನಿಂತಿದ್ದ. ಗಾಳಿಯ ಸದ್ದಿನ ನಡುವೆ "ನಾನ್ ರೆಡಿ ಸಾರ್, ಅಪ್ಪನ್ನ ಒಂದ್ ಮಾತು ಕೇಳ್ಬುಡಿ" ಎಂದು ಫೋನನ್ನು ಅಪ್ಪನ ಕೈಗೆ ಕೊಟ್ಟ.

"ಯಾವ್ ಕೈಗೆ ಹಾಕ್ತಾರೆ ಸಾ?" ಎಂದರು ಅಪ್ಪ.

"ಸಾಮಾನ್ಯವಾಗಿ ಎಡಗೈಗೆ."

"ಕೈ ನೋಯ್ತದಂತಲ್ಲ, ಎರಡ್ ದಿವ್ಸ?"

"ಸ್ವಲ್ಪ ನೋಯುತ್ತೆ. ಬಲಗೈಗೆ ಬೇಕಾದ್ರೂ ಹಾಕಿಸ್ಕೋಬಹುದು."

"ಹಾಲು ಕರೆಯಾಕೆ ಎರಡ್ ಕೈನೂ ಬೇಕಲ್ಲ ಸಾ. ನಮ್ ಹಸಾ ಇವ್ನಿಗ್ ಬುಟ್ರೆ ಇನ್ನೊಬ್ರಿಗೆ ಸೊರ ಬುಡಲ್ಲ. ಕಾಲ್ಗೆ ಹಾಕಲ್ವಾ?"

ಕಾಲಿಗೆ ಹಾಕುವುದಿಲ್ಲ ಎಂದೆ. "ಹುಡ್ಗುಂದು ಒಪ್ಗೆ ಐತೆ, ನಂದೂ ಐತೆ. ಅದುನ್ ಒಂದ್ ಮಾತ್ ಕೇಳ್ಬೇಕು" ಎಂದರು. ಕಾರಣದ ಕಾಲಂನಲ್ಲಿ ನಾನು "ಹಸು" ಎಂದು ಬರೆದೆ. ಮರುದಿನ ಮುಖ್ಯಸ್ಥರು ಫೋನ್ ಮಾಡಿ, ಇದು ಧಾರ್ಮಿಕ ಕಾರಣವೋ ವೈದ್ಯಕೀಯ ಕಾರಣವೋ ಸ್ಪಷ್ಟಪಡಿಸಿ ಎಂದರು.

ತೀರ್ಮಾನ ಬಾಕಿ

ಸಿ.ಎಸ್. ಪುರದ ಹುಡುಗಿಯ ಮನೆಯಲ್ಲಿ ಎಲ್ಲ ತೀರ್ಮಾನವೂ ಅಜ್ಜಿಯದು. "ಸ್ಪೀಕರ್‌ಗೆ ಹಾಕಿದೀನಿ ಸರ್, ಅಜ್ಜಿಗೆ ನೀವೇ ಹೇಳಿ" ಎಂದಳು. ನಾನು ಪಾಠ ಮಾಡುವ ದನಿಯಲ್ಲಿ ಲಸಿಕೆಯ ಪ್ರಯೋಜನಗಳನ್ನು ಒಂದೊಂದಾಗಿ ಹೇಳಿದೆ. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, "ಊಟ ಆಯ್ತೇನಪ್ಪ?" ಎಂದರು.

"ಆಯ್ತು ಅಜ್ಜಿ."

"ಏನ್ ಸಾರು?"

ಸಾರು ಮಾಡಿರಲಿಲ್ಲ. ಬೆಳಗಿನ ಚಿತ್ರಾನ್ನವನ್ನೇ ಮಧ್ಯಾಹ್ನವೂ ತಿಂದಿದ್ದೆ. ಮೇಷ್ಟ್ರು ಸುಳ್ಳು ಹೇಳಬಾರದೆಂದು ಇದ್ದದ್ದನ್ನು ಹೇಳಿದೆ. ಅಲ್ಲಿಂದ ಲಸಿಕೆಯ ಮಾತು ಹಿಂದೆ ಬಿತ್ತು. ಯಾರು ಅಡುಗೆ ಮಾಡೋರು, ಹೆಂಡ್ತಿ ಯಾಕಿಲ್ಲ, ಹುರುಳಿಕಾಳು ನೆನೆಹಾಕೋಕೂ ಬರಲ್ವಾ ಎಂದು ಮುಕ್ಕಾಲು ಗಂಟೆ ವಿಚಾರಣೆ ನಡೆಯಿತು. ಕೊನೆಗೆ "ನಾಳೆ ಮಾಡಪ್ಪ, ಯೋಚ್ನೆ ಮಾಡಿ ಹೇಳ್ತೀನಿ" ಎಂದರು. ನಾಳೆಯೂ ಮಾಡಿದೆ. ನಾಡಿದ್ದೂ ಮಾಡಿದೆ. ದಿನವೂ ಬಸ್ಸಾರಿನ ಪಾಠವೇ ನಡೆಯಿತು.

ಐದನೇ ದಿನ ಹುಡುಗಿ ಸಂಕೋಚದಿಂದ ದನಿ ತಗ್ಗಿಸಿ, "ಸರ್, ಅಜ್ಜಿ ಮೊದಲ್ನೇ ದಿನಾನೇ ಒಪ್ಕೊಂಡಿದಾರೆ. ನೀವು ಹುರುಳಿ ಬಸ್ಸಾರು ಸರಿಯಾಗಿ ಕಲಿಯೋವರ್ಗೂ ಹೇಳ್ಬೇಡ ಅಂದಿದಾರೆ" ಎಂದಳು. ನಾನು ಇನ್ನೂ ಎರಡು ದಿನ ಬಸ್ಸಾರು ಕೆಡಿಸಿದೆ.

ಮೊದಲು ಯಾರು

ಉಳಿದವರದು ಬೇರೆಯೇ ಕಥೆ. ಕುಣಿಗಲ್ಲಿನ ಹುಡುಗ ತರಗತಿಯಲ್ಲಿ ಎಲ್ಲರಿಗಿಂತ ಚುರುಕು. "ಲಸಿಕೆ ಬೇಕೇಬೇಕು ಸರ್, ನನ್ಗೇನೂ ಡೌಟಿಲ್ಲ" ಎಂದ. ಸಂತೋಷವಾಗಿ ಟಿಕ್ ಹಾಕಲು ಹೋದೆ. "ಗುಬ್ಬಿಯೋನು ಹಾಕಿಸ್ಕೊಂಡ ತಕ್ಷಣ ನಾನೂ ಹಾಕಿಸ್ಕೋತೀನಿ" ಎಂದು ಸೇರಿಸಿದ.

ಗುಬ್ಬಿಯವನನ್ನು ಕೇಳಿದರೆ ಅವನ ರೂಮ್‌ಮೇಟು ಮೊದಲು ಎಂದ. ರೂಮ್‌ಮೇಟು, ಹುಡುಗಿಯರು ಮೊದಲು ಎಂದ. ಹುಡುಗಿಯರಲ್ಲಿ ಒಬ್ಬಳು ಇನ್ನೊಬ್ಬಳನ್ನು ತೋರಿಸಿದಳು. ಎರಡು ದಿನ ಹೀಗೆ ಫೋನಿಂದ ಫೋನಿಗೆ ಅಲೆದೆ. ಮೂವತ್ತಾರು ಜನವೂ ಒಪ್ಪಿದ್ದರು, ಎರಡನೆಯವರಾಗಿ. ಮೊದಲನೆಯವರೇ ಇರಲಿಲ್ಲ. ಸರದಿ ಕೊನೆಗೆ ನಿಟ್ಟೂರಿನ ಹುಡುಗಿಯ ಹತ್ತಿರ ನಿಂತಿತು. ಅವಳು ಕ್ಲಾಸ್ ರೆಪ್ರೆಸೆಂಟೇಟಿವ್, ಮಾತು ನೇರ.

"ಸರ್, ನೀವು ಹಾಕಿಸ್ಕೊಂಡ್ರಾ?"

"ಸ್ಟಾಫ್‌ದು ಲಿಸ್ಟ್ ಬೇರೆ ಇದೆಯಮ್ಮ."

"ಆ ಲಿಸ್ಟಲ್ಲಿ ಏನಂತ ಬರ್ಸಿದೀರಾ ಸರ್?"

ಆ ಪಟ್ಟಿ ತುಂಬುವ ಕೆಲಸವೂ ನನ್ನದೇ ಆಗಿತ್ತು. ನನ್ನ ಹೆಸರಿನ ಮುಂದೆ "ಯೋಚಿಸಿ ತಿಳಿಸುತ್ತಾರೆ" ಎಂದು ನಾನೇ ಬರೆದುಕೊಂಡಿದ್ದೆ.

ಅರ್ಧ ಗಂಟೆ

ಮಾನ ಉಳಿಸಿಕೊಳ್ಳಲು, ನಾಳೆಯೇ ಹಾಕಿಸಿಕೊಳ್ಳುತ್ತೇನೆ ಎಂದು ಅವಳಿಗೆ ಹೇಳಿ ಹೋಗಲೇಬೇಕಾಯಿತು. ಕಾಲೇಜಿನಲ್ಲೇ ಕ್ಯಾಂಪು ಹಾಕಿದ್ದರು. ನರ್ಸಮ್ಮ ತೋಳಿಗೆ ಹತ್ತಿ ಒತ್ತುತ್ತಾ, "ಇವತ್ತು ಜ್ವರ ಬರಬಹುದು. ಮನೇಲಿ ನೋಡ್ಕೊಳ್ಳೋರು ಇದಾರಲ್ಲ?" ಎಂದರು. "ಇದಾರೆ" ಎಂದುಬಿಟ್ಟೆ. ಇಲ್ಲ ಎನ್ನಲು ನಾಚಿಕೆಯಾಯಿತು.

ಅರ್ಧ ಗಂಟೆ ಕೂತು ಹೋಗಿ ಎಂದರು. ಫ್ಯಾನಿನ ಕೆಳಗೆ ಕುರ್ಚಿ, ಸುತ್ತ ಜನ, ಎಷ್ಟೋ ತಿಂಗಳ ಮೇಲೆ ನಾಲ್ಕು ಮುಖ ಕಣ್ಣಿಗೆ ಬಿದ್ದಿದ್ದವು, ಅವೂ ಅರ್ಧರ್ಧ ಮುಚ್ಚಿದ್ದವು. ಪಕ್ಕದಲ್ಲಿ ಕೂತವರೊಬ್ಬರು ಅಡಿಕೆ ರೇಟು ಹೇಳುತ್ತಿದ್ದರು. ನನಗೂ ಅಡಿಕೆಗೂ ಸಂಬಂಧವಿಲ್ಲ, ಆದರೂ ಆಸೆಯಿಂದ ಕೇಳಿಸಿಕೊಂಡೆ. ಅವರು ಎದ್ದು ಹೋದ ಮೇಲೆ ಬಂದವರು ಮಗಳ ಸಂಬಂಧದ ವಿಷಯ ತೆಗೆದರು. ಅದನ್ನೂ ಕೇಳಿದೆ. ಎರಡೂವರೆ ಗಂಟೆ ಕಳೆದ ಮೇಲೆ ನರ್ಸಮ್ಮ ಹತ್ತಿರ ಬಂದು ನಾಡಿ ಹಿಡಿದು ನೋಡಿದರು.

"ನಿಮ್ಗೇನೂ ಆಗಿಲ್ಲ ಸಾರ್. ನಿಮ್ಮನ್ನ ನೋಡಿ ಹೊರಗೆ ನಿಂತಿರೋರಿಗೆ ಭಯ ಆಗ್ತಿದೆ. ದಯವಿಟ್ಟು ಮನೆಗ್ ಹೋಗಿ."

ಸರ್, ಇದೀರಾ?

ಮರುದಿನ ಬೆಳಿಗ್ಗೆ ಜ್ವರ ಬಂತು. ಹೆದರಿದ್ದ ಹಾಗೇ ಬಂತು. ನೀರಿನ ಚೊಂಬನ್ನು ಹಾಸಿಗೆಯ ಪಕ್ಕ ಇಟ್ಟುಕೊಂಡು, ಮುಂಬಾಗಿಲ ಚಿಲಕ ತೆಗೆದಿಟ್ಟು ಮಲಗಿದ್ದೆ. ಹೆಚ್ಚುಕಮ್ಮಿಯಾದರೆ ಒಳಗೆ ಬರುವವರಿಗೆ ಬಾಗಿಲು ಒಡೆಯುವ ಕಷ್ಟ ಬೇಡವೆಂದು. ಏಳೂವರೆಗೆ ಸರಿಯಾಗಿ ಕಡಬದ ಹುಡುಗನ ಫೋನು.

"ಸರ್, ಇದೀರಾ?"

"ಇದೀನಪ್ಪ."

"ಸರಿ ಸರ್" ಎಂದು ಇಟ್ಟ.

ಕಾಲು ಗಂಟೆಗೆ ಇನ್ನೊಬ್ಬ. ಮತ್ತೆ ಕಾಲು ಗಂಟೆಗೆ ಮತ್ತೊಬ್ಬಳು. ಎಲ್ಲರದೂ ಅದೇ ಪ್ರಶ್ನೆ. "ನೀರು ಕುಡಿದ್ರಾ ಸರ್" ಎಂದು ಒಬ್ಬ, "ಮಾತ್ರೆ ತಗೊಂಡ್ರಾ" ಎಂದು ಒಬ್ಬಳು. ಹತ್ತು ಗಂಟೆ ಹೊತ್ತಿಗೆ ನನ್ನ ಕಣ್ಣಲ್ಲಿ ನೀರು ಬಂದಿತ್ತು. ನನಗೂ ಇಷ್ಟು ಜನ ಇದ್ದಾರಲ್ಲ ಅನ್ನಿಸಿತು. ಕ್ಲಾಸಿನಲ್ಲಿ ಸುಮ್ಮನೆ ಗದರಿದ್ದಕ್ಕೆಲ್ಲ ಪಶ್ಚಾತ್ತಾಪವಾಯಿತು.

ಹನ್ನೆರಡರ ಹೊತ್ತಿಗೆ ನಿಟ್ಟೂರಿನ ಹುಡುಗಿ ಮಾಡಿದಳು. "ಸಾರಿ ಸರ್, ಲೇಟಾಯ್ತು. ನಂದು ಹನ್ನೊಂದೂವರೆಗಿತ್ತು."

"ಏನು ಹನ್ನೊಂದೂವರೆಗಿತ್ತು?"

ಅವಳು ಮುಚ್ಚಿಡಲಿಲ್ಲ. ರೋಲ್ ನಂಬರ್ ಪ್ರಕಾರ ಕಾಲು ಗಂಟೆಗೊಬ್ಬರಂತೆ ಗ್ರೂಪಿನಲ್ಲಿ ಟೈಮ್‌ಟೇಬಲ್ ಹಾಕಿದ್ದರಂತೆ. ಎರಡು ದಿನ ನನ್ನನ್ನು ನೋಡಿ, ಉಳಿದುಕೊಂಡರೆ ಎಲ್ಲರೂ ಹಾಕಿಸಿಕೊಳ್ಳುವುದೆಂದು ತೀರ್ಮಾನವಾಗಿತ್ತಂತೆ.

"ಬೇರೆ ಸ್ಟಾಫೂ ಹಾಕಿಸ್ಕೊಂಡಿದಾರಲ್ಲಮ್ಮ, ನಾನೇ ಯಾಕೆ?"

"ಅವರ ಮನೇಲಿ ಬೇರೆಯೋರು ಫೋನ್ ಎತ್ಕೊಂಡು ಚೆನ್ನಾಗಿದಾರೆ ಅಂತ ಸುಳ್ಳು ಹೇಳ್ಬಹುದು ಸರ್. ನಿಮ್ಮನೇಲಿ ಹಾಗಿಲ್ಲ. ಫೋನ್ ಎತ್ತಿದ್ರೆ ನೀವೇ ಎತ್ಬೇಕು."

ಕೋಪ ಬರಬೇಕಿತ್ತು. ಬರಲಿಲ್ಲ. ಸಂಜೆ ನಾಲ್ಕೂಕಾಲಿಗೆ ಕೊನೆಯ ನಂಬರಿನವನು ಮಾಡುವವರೆಗೂ ಫೋನನ್ನು ಎದೆಯ ಮೇಲೆ ಇಟ್ಟುಕೊಂಡೇ ಇದ್ದೆ. ಎರಡನೇ ದಿನವೂ ಮೂವತ್ತಾರು ಫೋನು ಬಂದವು. ಜ್ವರ ಇಳಿಯಿತು.

ಮೂರನೇ ದಿನ ಬೆಳಿಗ್ಗೆ ಏಳೂವರೆ ಆಯಿತು, ಎಂಟಾಯಿತು. ಯಾರೂ ಮಾಡಲಿಲ್ಲ. ಫೋನು ಕೆಟ್ಟಿದೆಯೇನೋ ಎಂದು ಆಫ್ ಮಾಡಿ ಆನ್ ಮಾಡಿದೆ. ಹಾಲಿನವನ ಕೈಲಿ ಒಂದು ಕಾಲ್ ಮಾಡಿಸಿ ನೋಡಿದೆ, ಸರಿಯಾಗಿಯೇ ಇತ್ತು. ಮನೆ ಮೊದಲಿಗಿಂತ ದೊಡ್ಡದಾದಂತೆ ಕಂಡಿತು. ಸಂಜೆ ನಿಟ್ಟೂರಿನ ಹುಡುಗಿಯ ಫೋನು ಬಂತು.

"ಎಲ್ಲರೂ ಇವತ್ತು ಹಾಕಿಸ್ಕೊಂಡ್ವಿ ಸರ್, ಮೂವತ್ತಾರು ಜನಾನೂ. ಪಟ್ಟೀಲಿ ಟಿಕ್ ಹಾಕ್ಕೊಳ್ಳಿ. ನೀವು ಆರಾಮಲ್ವಾ ಸರ್?"

ಆರಾಮು ಎಂದರೆ ಮುಗಿಯಿತು. ನನಗೆ ಅದು ಗೊತ್ತಿತ್ತು.

"ಜ್ವರ ಹೋಯ್ತಮ್ಮ. ಸ್ವಲ್ಪ ಸುಸ್ತಿದೆ."

"ಸುಸ್ತಾ ಸರ್? ನಾವೆಲ್ಲ ಹಾಕಿಸ್ಕೊಂಡ್ಬಿಟ್ವಲ್ಲ. ಎಷ್ಟ್ ದಿನ ಇರುತ್ತೆ?"

"ಹೇಳೋಕಾಗಲ್ಲಮ್ಮ. ನೋಡ್ತಾ ಇರ್ಬೇಕು."

"ಒಂದ್ ನಿಮಿಷ ಸರ್, ಗ್ರೂಪಲ್ಲಿ ಹಾಕ್ತೀನಿ. ನಾಳೆ ಏಳೂವರೆಯಿಂದ ಮತ್ತೆ ಒಂದನೇ ನಂಬರಿಂದ ಶುರು."

ಆ ಸುಸ್ತು ಒಂದೂವರೆ ತಿಂಗಳು ಇತ್ತು. ಕಾಲೇಜು ತೆರೆದ ದಿನ ಬೆಳಿಗ್ಗೆ ತಾನಾಗಿಯೇ ವಾಸಿಯಾಯಿತು.