ಬೋಂಡನ ಟವಲ್ ಪರೀಕ್ಷೆ

ಚಿಂತೆ ಮಾಡುವ ವಿಷಯದಲ್ಲಿ ನಾನು ಸ್ವಾವಲಂಬಿ. ಬೇರೆ ಯಾರೂ ಕಾರಣ ಒದಗಿಸಬೇಕಾಗಿಲ್ಲ. ಬಸ್ಸು ಹೊಸಕೋಟೆ ದಾಟಿದ ಮೇಲೆ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬೆವರುವವನು ನಾನು. ಆಫೀಸಿನ ಐಡಿ ಕಾರ್ಡ್ ಕಳೆದೇಹೋಯಿತೆಂದು ದಿನಾ ಬೆಳಿಗ್ಗೆ ಮನೆಯನ್ನೆಲ್ಲ ತಲೆಕೆಳಗು ಮಾಡುವವನೂ ನಾನೇ. ಅದನ್ನು ದಿನಾ ಹುಡುಕಿಕೊಡುವವಳು ನನ್ನ ಹೆಂಡತಿ ಸುಮಿತ್ರೆ. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದಾಗ, ಇನ್ನು ಪರೀಕ್ಷೆಗಳ ಕಾಟ ತಪ್ಪಿತು ಎಂದುಕೊಂಡಿದ್ದೆ. ಅವಳ ಥರ್ಮೋಕೋಲ್ ಜ್ವಾಲಾಮುಖಿಗೆ ಶಾಲೆಯಲ್ಲಿ ಬಹುಮಾನ ಬಂದಾಗ ಕಣ್ಣೀರು ಹಾಕಿದ್ದು ಅವಳಲ್ಲ, ನಾನು. ಜ್ವಾಲಾಮುಖಿ ಕಟ್ಟಿದ್ದೂ ನಾನೇ ಆದ್ದರಿಂದ ಅದರಲ್ಲಿ ತಪ್ಪೇನೂ ಇರಲಿಲ್ಲ. ಈಗ ಅವಳು ಮೈಸೂರಿನ ಹಾಸ್ಟೆಲಿನಲ್ಲಿ ಹಾಯಾಗಿದ್ದಾಳೆ. ಪರೀಕ್ಷೆಯ ಕಾಟ ಮಾತ್ರ ನಾಯಿಯ ರೂಪದಲ್ಲಿ ಮತ್ತೆ ವಕ್ಕರಿಸಿತು.

ನಮ್ಮ ನಾಯಿಯ ಹೆಸರು ಬೋಂಡ. ನಾಲ್ಕು ವರ್ಷದ ಹಿಂದೆ ಕುಂದಲಹಳ್ಳಿಯ ಬಸ್ ಸ್ಟಾಪಿನಲ್ಲಿ ನನ್ನ ಬೂಟಿನ ಮೇಲೆ ಮಲಗಿ ನಿದ್ದೆ ಹೋದವನು; ಎಬ್ಬಿಸಲು ಮನಸ್ಸು ಬಾರದೆ ಎತ್ತಿಕೊಂಡು ಬಂದೆ. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಒಬ್ಬನೇ ಇರಲಾರದೆ ದಿನವಿಡೀ ಬೊಗಳುತ್ತಿದ್ದ. ಮೇಲಿನ ಮನೆಯವರದು ಮನೆಯಿಂದಲೇ ಕೆಲಸ. ಅವರ ಮೀಟಿಂಗಿನಲ್ಲಿ ಬೋಂಡನ ಅಭಿಪ್ರಾಯವೂ ಕೇಳಿಬರುತ್ತಿತ್ತಂತೆ. ಕೊನೆಗೆ ಮನೆ ಮಾಲೀಕರಾದ ಮುನಿರಾಜಣ್ಣ ಬಂದರು. "ನೋಡಿ ಸಾರ್, ನಂಗೇನೂ ನಾಯಿ ಮ್ಯಾಲೆ ಕ್ವಾಪ ಇಲ್ಲ. ಈ ಬಿಲ್ಡಿಂಗ್ ಇರೋ ಜಾಗದಾಗೆ ನಮ್ ರಾಗಿ ಕಣ ಇತ್ತು. ನಮ್ ನಾಯಿಗೆ ಕೈತುಂಬ ಕೆಲ್ಸ, ಸುಮ್ಸುಮ್ನೆ ಬೊಗಳಾಕೆ ಪುರುಸೊತ್ತೇ ಇರ್ತಿರ್ಲಿಲ್ಲ. ನಿಮ್ದಕ್ಕೆ ಕೆಲ್ಸ ಇಲ್ಲ, ಅದ್ಕೇ ಇಂಗಾಡ್ತದೆ. ಈ ತಿಂಗ್ಳೊಳ್ಗೆ ಏನಾದ್ರೂ ದಾರಿ ಮಾಡಿ, ಇಲ್ಲಾಂದ್ರೆ ಎಲ್ಲಾದ್ರೂ ಬಿಟ್ಬಿಡಿ" ಎಂದರು. ನನಗೆ ಅನ್ನ ಸೇರಲಿಲ್ಲ. ಬಾಗಿಲ ಹಿಂದೆ ಬೋಂಡನಿಲ್ಲದ ಮನೆಗೆ ಬೀಗ ತೆಗೆದು ಒಳಗೆ ಹೋಗುವುದನ್ನು ನೆನೆಸಿಕೊಂಡರೇ ಎದೆ ಭಾರವಾಗುತ್ತಿತ್ತು.

ಹೀಗೆ ಬೋಂಡ ವರ್ತೂರಿನ ಕಡೆಯ ಒಂದು ಡೇ ಕೇರ್ ಸೇರಿದ. ಮಾವಿನ ಮರ, ಸುತ್ತ ಹಸಿರು ಬಲೆ, ಒಳಗೆ ಹತ್ತಾರು ನಾಯಿ. ನೋಡಿಕೊಳ್ಳುವವರು ಕೊಪ್ಪಳದ ಕಡೆಯ ರೇಣುಕಕ್ಕ. ಒಂದು ವಾರ ಟ್ರಯಲ್. ಹೊಂದಿಕೊಳ್ಳದೆ ಗೇಟಿನ ಹತ್ತಿರವೇ ನಿಂತು ಅಳುವ ನಾಯಿಯನ್ನು ಅವರು ಇಟ್ಟುಕೊಳ್ಳುವುದಿಲ್ಲ. "ಬರೇ ಓಡಾಡಿಸಿದ್ರ ಮೈ ದಣೀತೈತ್ರಿ, ತಲಿ ದಣಿಯಂಗಿಲ್ಲ. ಮೂಗಿಗೆ, ತಲಿಗೆ ಕೆಲಸ ಕೊಡಬೇಕ್ರಿ. ಅದಕ್ಕ ಈ ಡೇ ಕೇರ್‌ನವ್ರು ಎನ್‌ರಿಚ್‌ಮೆಂಟ್ ಅಂತಾರ್ರಿ" ಎಂದು ವಿವರಿಸಿದರು. ಬಿಸ್ಕತ್ತುಗಳನ್ನು ಟವಲಿನಲ್ಲಿ ಸುತ್ತಿಡುತ್ತಾರೆ, ರಟ್ಟಿನ ಪೆಟ್ಟಿಗೆಯಲ್ಲಿ ಅಡಗಿಸುತ್ತಾರೆ. ನಾಯಿ ಮೂಸಿ, ಎಳೆದು, ಹರಿದು ತಾನೇ ಹುಡುಕಿಕೊಳ್ಳಬೇಕು. ಹಾಗೆ ಹುಡುಕಿಕೊಂಡ ನಾಯಿ ಮಧ್ಯಾಹ್ನ ನೆಮ್ಮದಿಯಾಗಿ ಮಲಗುತ್ತದಂತೆ. ಮುನಿರಾಜಣ್ಣ ಹೇಳಿದ್ದೂ ಇದನ್ನೇ ಎಂಬುದು ಆಗ ನನಗೆ ಹೊಳೆಯಲಿಲ್ಲ. ನನ್ನ ಕಿವಿಗೆ ಬಿದ್ದದ್ದು ಒಂದೇ: ಪರೀಕ್ಷೆ ಇದೆ.

ಪರೀಕ್ಷೆ ಎಂದ ಮೇಲೆ ಟ್ಯೂಷನ್ ಬೇಡವೇ? ಸೋಮವಾರ ಸಂಜೆಯೇ ಶುರು ಮಾಡಿದೆ. ಟವಲಿನಲ್ಲಿ ಬಿಸ್ಕತ್ತು ಸುತ್ತಿಟ್ಟೆ. ಬೋಂಡ ಎರಡು ಸಲ ಮೂಸಿ ನನ್ನ ಮುಖ ನೋಡಿದ. ಆ ನೋಟವನ್ನು ತಡೆದುಕೊಳ್ಳುವ ಶಕ್ತಿ ನನಗಿಲ್ಲ. "ಇಲ್ಲಿ ನೋಡೋ ಕಂದ, ಹೀಗೆ" ಎಂದು ಬಿಚ್ಚಿ ತೋರಿಸಿದೆ. ಮಂಗಳವಾರ ಒಂದೇ ಸಲ ಮೂಸಿದ. ಬುಧವಾರ ಮೂಸಲೇ ಇಲ್ಲ. ಟವಲಿನ ಮುಂದೆ ಶಿಸ್ತಾಗಿ ಕೂತು ನನ್ನನ್ನೇ ನೋಡಿದ. "ಎಷ್ಟು ತಾಳ್ಮೆ ಬಂದಿದೆ ನೋಡು" ಎಂದು ಸುಮಿತ್ರೆಗೆ ಹೆಮ್ಮೆಯಿಂದ ಹೇಳಿದೆ. ಅವಳು ಬೋಂಡನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಅಡುಗೆಮನೆಗೆ ಹೋದಳು.

ಗುರುವಾರ ರೇಣುಕಕ್ಕನ ಫೋನ್. "ಸಾರ್, ಮನ್ಯಾಗ ಏನರ ಹೇಳಿಕೊಟ್ಟೀರೇನ್ರಿ? ಮೊನ್ನೆ ರಟ್ಟಿನ ಡಬ್ಬಿ ತಾನ ಹರದಿತ್ರಿ. ಇವತ್ತ ಟವೆಲ್ ಮುಂದ ಕುಂತು ನನ್ನ ಮಾರಿ ನೋಡಾಕ ಹತ್ತೈತಿ. ಅರ್ಧ ತಾಸಾತ್ರಿ!" ನಾನು ಕಾರಿಡಾರಿಗೆ ಬಂದು, ಧ್ವನಿ ತಗ್ಗಿಸಿ, ತಪ್ಪೊಪ್ಪಿಕೊಂಡೆ. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ನೀವು ಬಿಚ್ಚಿ ಕೊಟ್ರ ಅದಕ್ಕ ಬಿಸ್ಕೀಟ್ ಸಿಗ್ತೈತ್ರಿ, ಧೈರ್ಯ ಸಿಗಂಗಿಲ್ಲ. ಶನಿವಾರದ ತನಕ ನೋಡೂಣು. ಮನ್ಯಾಗ ಟವೆಲ್ ಮುಟ್ಟಬ್ಯಾಡ್ರಿ" ಎಂದರು. ಆ ಎರಡು ದಿನ ನಾನು ಸ್ನಾನ ಮಾಡಿ ಮೈ ಒರೆಸಿಕೊಂಡದ್ದೂ ಬಾಗಿಲು ಹಾಕಿಕೊಂಡೇ, ಅಪರಾಧಿಯ ಹಾಗೆ. ಮೆಟ್ಟಿಲ ಮೇಲೆ ಮುನಿರಾಜಣ್ಣನ ಚಪ್ಪಲಿ ಸದ್ದು ಕೇಳಿದರೆ ಬೋಂಡನನ್ನು ಎತ್ತಿಕೊಂಡು ಒಳಕೋಣೆಗೆ ಓಡುತ್ತಿದ್ದೆ.

ಶನಿವಾರ ನನಗೆ ರಜೆ. ರೇಣುಕಕ್ಕ ನನ್ನನ್ನು ಬೋಂಡನ ಕಣ್ಣಿಗೆ ಬೀಳದಂತೆ ಬಲೆಯ ಆಚೆ ನಿಲ್ಲಿಸಿದರು. ಬೋಂಡ ಟವಲಿನ ಮುಂದೆ ಕೂತ. ಅವರ ಮುಖ ನೋಡಿದ. ಅವರು ಬೆನ್ನು ತಿರುಗಿಸಿ ನೀರಿನ ಪೈಪು ಸುತ್ತತೊಡಗಿದರು. ಬೋಂಡ ಕುಂಯ್‌ಗುಟ್ಟಿದ. ಓಡಿಹೋಗಿ ಬಿಚ್ಚಿಕೊಟ್ಟುಬಿಡಲೇ ಅನ್ನಿಸಿ ಎರಡೂ ಕೈಯಲ್ಲಿ ಬಲೆ ಹಿಡಿದುಕೊಂಡೆ. ಪೈಪು ಸುತ್ತಿ ಮುಗಿಯಿತು, ಅವರು ಮತ್ತೆ ಬಿಚ್ಚಿ ಸುತ್ತಿದರು. ಬೋಂಡ ಎದ್ದ. ಮೂಗು ಇಳಿಸಿದ. ಒಂದು ಅಂಚನ್ನು ಕಚ್ಚಿ ಎಳೆದ, ಕಾಲಲ್ಲಿ ಒತ್ತಿ ಹಿಡಿದ, ಟವಲನ್ನು ಹಿಡಿದು ಹಿಗ್ಗಾಮುಗ್ಗಾ ಝಾಡಿಸಿದ. ಬಿಸ್ಕತ್ತುಗಳು ಚೆಲ್ಲಾಪಿಲ್ಲಿಯಾದವು. ಅಷ್ಟನ್ನೂ ತಿಂದು, ಖಾಲಿ ಟವಲನ್ನು ಬಾಯಲ್ಲಿ ಕಚ್ಚಿಕೊಂಡು ಮಾವಿನ ಮರದ ಕೆಳಗೆ ಹೋಗಿ ಮಲಗಿಬಿಟ್ಟ. ಗೇಟಿನ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಖುಷಿಯೋ ಖುಷಿ. ಒಂದು ಸಲವಾದರೂ ನೋಡಬಹುದಿತ್ತು ಎಂದು ಒಂಚೂರು ಬೇಜಾರೂ ಆಯಿತು. "ಸೋಮವಾರದಿಂದ ದಿನಾ ಕರಕೊಂಡ್ ಬರ್ರಿ" ಎಂದರು ರೇಣುಕಕ್ಕ.

ಭಾನುವಾರ ಪೂರ್ತಿ ಸುಮಿತ್ರೆಗೆ ಉಪದೇಶ ಮಾಡಿದೆ. ಪ್ರೀತಿಯಿಂದ ನಾವು ಮಾಡುವ ಸಹಾಯವೇ ಹೇಗೆ ಇನ್ನೊಬ್ಬರ ಧೈರ್ಯ ಕೊಲ್ಲುತ್ತದೆ, ಹುಡುಕುವುದರಲ್ಲೇ ಎಂಥ ನೆಮ್ಮದಿಯಿದೆ, ಇತ್ಯಾದಿ. ಅವಳು ಅಷ್ಟನ್ನೂ ತಲೆದೂಗುತ್ತ ಕೇಳಿದಳು. ಅಷ್ಟು ಗಮನವಿಟ್ಟು ಕೇಳಿದಾಗಲೇ ನಾನು ಹುಷಾರಾಗಬೇಕಿತ್ತು.

ಸೋಮವಾರ ಬೆಳಿಗ್ಗೆ ಕೆಳಗೆ ಕ್ಯಾಬು ಹಾರ್ನ್ ಹೊಡೆಯುತ್ತಿತ್ತು. "ಸುಮಿ, ನನ್ನ ಐಡಿ ಕಾರ್ಡ್ ಎಲ್ಲೇ?" ಎಂದು ಅವಳ ಮುಖ ನೋಡುತ್ತ ನಿಂತೆ. ಅವಳು ಬೆನ್ನು ತಿರುಗಿಸಿ ಪಾತ್ರೆ ತೊಳೆಯತೊಡಗಿದಳು. ಮತ್ತೆ ಕೇಳಿದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ನಾನು ನಿಂತೇ ಇದ್ದೆ. ಪಕ್ಕದಲ್ಲಿದ್ದ ಬೋಂಡ ನನ್ನನ್ನೊಮ್ಮೆ ನೋಡಿ, ಎದ್ದು, ಸೋಫಾದ ಕೆಳಗೆ ಮೂಗು ತೂರಿಸಿ, ಕಾರ್ಡನ್ನು ಪಟ್ಟಿ ಸಮೇತ ಎಳೆದು ತಂದು ನನ್ನ ಕಾಲ ಬಳಿ ಹಾಕಿದ.

ಸುಮಿತ್ರೆ ಕೈ ಒರೆಸಿಕೊಳ್ಳುತ್ತ ಅವನಿಗೆ ಬುದ್ಧಿ ಹೇಳಿದಳು: "ಹೀಗೆ ನೀನೇ ಹುಡುಕಿ ಕೊಟ್ಬಿಟ್ರೆ, ಅವ್ರು ಕಲಿಯೋದು ಯಾವಾಗ ಬೋಂಡಾ?"